ಎಂಜಿನ್ ಹೀಟ್: ಮುಳ್ಳು ನಿಂತಾಗ ಏರಿತೋ, ಓಡುವಾಗಲೋ?

ಹೀಟ್ ಆಗುತ್ತಿದೆ ಎಂದು ಕಾರು ಬಂದರೆ ಪಾನಾ ಹಿಡಿಯುವ ಮೊದಲು ಈ ಪ್ರಶ್ನೆ ಕೇಳಿ: ಹೀಟ್ ಮೀಟರಿನ ಮುಳ್ಳು ಗಾಡಿ ನಿಂತಾಗ ಏರಿತೋ, ಓಡುವಾಗಲೋ? ಅರ್ಧ ಪತ್ತೆ ಅಲ್ಲೇ ಆಗುತ್ತದೆ.

ರೈಲ್ವೆ ಗೇಟ್ ಬಿದ್ದು ನಿಂತಾಗ ಏರಿ, ಗಾಡಿ ಹೊರಟ ಮೇಲೆ ಇಳಿದರೆ ಅನುಮಾನ ಫ್ಯಾನ್ ಮೇಲೆ. ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಫ್ಯಾನೊಂದೇ ಗತಿ. ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಮೋಟರ್ ಹೀಗೆ ಸಾಲಾಗಿ ನೋಡಿ. ಎಸಿ ಹಾಕಿದಾಗ ತಿರುಗುವ ಫ್ಯಾನ್, ಎಂಜಿನ್ 100 ಡಿಗ್ರಿ ದಾಟಿದರೂ ತಾನಾಗಿ ತಿರುಗದಿದ್ದರೆ ಶಾಖ ಅಳೆಯುವ ಸೆನ್ಸರ್ ಅಥವಾ ಅದರ ವೈರಿಂಗ್ ಪರೀಕ್ಷಿಸಿ.

ಬಳ್ಳಾರಿಯಿಂದ ಹೊಸಪೇಟೆಗೆ 80ರ ವೇಗದಲ್ಲಿ ಹೋಗುವಾಗ ಏರಿದರೆ ಕಾರಣ ಬೇರೆ: ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆ, ಥರ್ಮೋಸ್ಟಾಟ್ (ಕಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಹರಿಯಬಿಡುವ ಕವಾಟ) ತೆರೆಯುತ್ತಿಲ್ಲ, ವಾಟರ್ ಪಂಪ್ ಸೋತಿದೆ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ನಮ್ಮ ಭಾಗದಲ್ಲಿ ಈ ಕೊನೆಯದನ್ನು ಎಂದೂ ಹಗುರವಾಗಿ ಬಿಡಬೇಡಿ. ತೋರಣಗಲ್ಲು, ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಕೂರುತ್ತದೆ, ಮುಂದಿನಿಂದ ಇಣುಕಿದರೆ ಕಾಣುವುದಿಲ್ಲ. ಎಂಜಿನ್ ತಣ್ಣಗಿರುವಾಗ ಅದರ ಬದಿಯಿಂದ ಹೊರಮುಖವಾಗಿ ಮೆಲ್ಲಗೆ ನೀರು ಬಿಡಿ. ಪ್ರೆಷರ್ ವಾಶ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ತಗಡಿನ ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಒಳಗಿನಿಂದ ಕಟ್ಟುವುದು ಬೋರ್ ನೀರಿನಿಂದ. ನೀರು ಕಾಯಿಸುವ ಹಂಡೆಯ ತಳದ ಬಿಳಿ ಪದರವೇ ರೇಡಿಯೇಟರ್ ಕೊಳವೆಗಳಲ್ಲೂ ಬೆಳೆಯುತ್ತದೆ. ಆದ್ದರಿಂದ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಮೊದಲೇ ಬೆರೆಸಿ ಬರುವ ರೆಡಿಮಿಕ್ಸ್ ಆದರೆ ನೀರು ಬೆರೆಸಬೇಡಿ. ಅರ್ಧರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಸುಮಾರು 1 ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಕ್ಯಾಪ್ ಇದ್ದರೆ ಕುದಿಬಿಂದು 125 ದಾಟುತ್ತದೆ. ಕ್ಯಾಪಿನ ರಬ್ಬರ್ ಹೋದರೆ ಆ ಲಾಭವೂ ಹೋಯಿತು.

ರೇಡಿಯೇಟರಿನ ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ರೇಡಿಯೇಟರ್ ಕಟ್ಟಿರಬಹುದು. ಎಂಜಿನ್ ಕಾದರೂ ಮೇಲಿನದೇ ಬೆಚ್ಚಗಾಗದಿದ್ದರೆ ಥರ್ಮೋಸ್ಟಾಟ್ ಬಿಚ್ಚಿ, ಥರ್ಮಾಮೀಟರ್ ಇಟ್ಟ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚೊತ್ತಿದ 82 ಅಥವಾ 88 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. (ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಬದಿಗಿದೆ. ಅಲ್ಲಿ ಕೆಳಗಿನದು ತಣ್ಣಗಿದ್ದರೂ ಇದನ್ನೇ ಮೊದಲು ನೋಡಿ.) ಅದನ್ನು ಕಿತ್ತು ಖಾಲಿ ಬಿಡುವ ರೂಢಿ ತಪ್ಪು. ಬೈಪಾಸ್ (ರೇಡಿಯೇಟರ್ ತಪ್ಪಿಸಿ ಹೋಗುವ ಅಡ್ಡದಾರಿ) ಮುಚ್ಚುವ ಕೆಲಸವೂ ಅದರದ್ದಾಗಿರುವ ಎಂಜಿನ್‌ಗಳಲ್ಲಿ ಒಂದಷ್ಟು ಕೂಲೆಂಟ್ ರೇಡಿಯೇಟರಿಗೆ ಹೋಗದೆ ಸುತ್ತುತ್ತದೆ, ಹೀಟ್ ಇನ್ನೂ ಹೆಚ್ಚುತ್ತದೆ.

ದಾರಿಯಲ್ಲೇ ಮುಳ್ಳು ಏರತೊಡಗಿದರೆ ಎಸಿ ಆಫ್, ಹೀಟರ್ ಪೂರ್ತಿ ಆನ್. ರಾಯಚೂರಿನ ಮೇ ಬಿಸಿಲಲ್ಲಿ ಇದು ಹಿಂಸೆ, ಆದರೆ ಹೀಟರ್ ಕೋರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಕೆಂಪು ಮುಟ್ಟಿದರೆ ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಕನಿಷ್ಠ 30 ನಿಮಿಷ ಬಿಡಿ. ಕ್ಯಾಪ್ ಮುಟ್ಟಬೇಡಿ. ಒಳಗೆ 110 ಡಿಗ್ರಿಯಲ್ಲಿ ಒತ್ತಡದಿಂದಷ್ಟೇ ಕುದಿಯದೆ ನಿಂತ ನೀರು, ತೆರೆದ ಕ್ಷಣ ಉಗಿಯಾಗಿ ಮುಖಕ್ಕೆ ಸಿಡಿಯುತ್ತದೆ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ದಪ್ಪ ಬಟ್ಟೆ ಹಾಕಿ ಕಾಲು ಸುತ್ತು ತಿರುಗಿಸಿ, ಒತ್ತಡ ಇಳಿಸಿ, ಆಮೇಲೆ ತೆಗೆಯಿರಿ.

ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ. ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಕೆಳಗಿನ ಬೀಡುಕಬ್ಬಿಣದ ಬ್ಲಾಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಒಮ್ಮೆಲೇ ತಣಿದರೆ ಸೊಟ್ಟಗಾಗುವುದು ಅದೇ.

ಇನ್ನೊಂದು ಮಾತು: ಏರಿದ ಮುಳ್ಳು ತಟ್ಟನೆ ಕೆಳಗಿಳಿದರೆ ನೆಮ್ಮದಿಪಡಬೇಡಿ. ಕೂಲೆಂಟ್ ಪೂರ್ತಿ ಸೋರಿಹೋದಾಗ ಸೆನ್ಸರ್ ಗಾಳಿಯಲ್ಲಿ ಉಳಿದು ಕಡಿಮೆ ತೋರಿಸುತ್ತದೆ. ಆಗಲೇ ಎಂಜಿನ್ ಬಂದ್ ಮಾಡಬೇಕು.