ಓಡುವಾಗ ಎದೆಬಡಿತ 165, ಮೂರನೇ ದಿನಕ್ಕೂ ಕಾಲು ನೋವು: 62ರಲ್ಲಿ ಮ್ಯಾರಥಾನ್ ಬಿಡಬೇಕಾ?

ಪ್ರಶ್ನೆ: ನನಗೆ 62 ವರ್ಷ. ನಿವೃತ್ತ ಶಿಕ್ಷಕ, ಕಲಬುರಗಿಯಲ್ಲಿ ವಾಸ. ಮೂರು ವರ್ಷದಿಂದ ಓಡುತ್ತಿದ್ದೇನೆ, 10 ಕಿ.ಮೀ. ಸಲೀಸಾಗಿ ಮುಗಿಸುತ್ತೇನೆ. ಇನ್ನು ಮೂರು ತಿಂಗಳಿಗೆ, ಜನವರಿಯಲ್ಲಿ, ಮುಂಬೈಗೆ ಹೋಗಿ ಪೂರ್ತಿ ಮ್ಯಾರಥಾನ್ ಓಡುವ ಆಸೆ. ಭಾನುವಾರದ ಓಟವನ್ನು 16 ಕಿ.ಮೀ.ವರೆಗೆ ತಂದಿದ್ದೇನೆ. ಆದರೆ ಮಗ ಕೊಡಿಸಿದ ವಾಚ್ ಓಡುವಾಗ ಎದೆಬಡಿತ 165 ತೋರಿಸುತ್ತದೆ. 220ರಲ್ಲಿ ವಯಸ್ಸು ಕಳೆದರೆ 158, ಅದನ್ನು ದಾಟಬಾರದು ಎನ್ನುತ್ತಾರೆ. ಭಾನುವಾರ ಓಡಿದರೆ ಮಂಗಳವಾರ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಮನೆಯವರು ‘ಸಾಕು ಬಿಡ್ರಿ’ ಎನ್ನುತ್ತಿದ್ದಾರೆ. ಬಿಡಬೇಕೇ?

ಉತ್ತರ: ಬಿಡಬೇಡಿ ಸರ್. ನಿಧಾನ ಮಾಡಿ. ವಾಚ್‌ನ ಅಂಕಿ ಮತ್ತು ಕಾಲಿನ ನೋವು ನಿಮಗೆ ಎರಡು ತೊಂದರೆಗಳಂತೆ ಕಾಣುತ್ತಿವೆ. ನನಗೆ ಕಾಣುವುದು ಒಂದೇ: ನೀವು ಉದ್ದದ ಓಟವನ್ನು ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿದ್ದೀರಿ.

ಅದಕ್ಕೂ ಮೊದಲು ಒಂದು ಕೆಲಸ ಆಗಲೇಬೇಕು. ಮುಂದಿನ ಉದ್ದದ ಓಟಕ್ಕೆ ಮುಂಚೆ ಹೃದಯದ ವೈದ್ಯರನ್ನು ಒಮ್ಮೆ ನೋಡಿ. ಇಸಿಜಿ, ಬಿಪಿ, ಸಕ್ಕರೆ, ಜೊತೆಗೆ ಅವರು ಬೇಕೆಂದರೆ ಓಡುವ ಯಂತ್ರದ ಮೇಲೆ ಮಾಡುವ ಟಿಎಂಟಿ ಪರೀಕ್ಷೆ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಜಯದೇವ ಹೃದ್ರೋಗ ಸಂಸ್ಥೆ ಕಲಬುರಗಿಯಲ್ಲೇ ಇದೆ. ಟಿಎಂಟಿಯಲ್ಲಿ ನಿಮ್ಮ ಎದೆಬಡಿತ ನಿಜವಾಗಿ ಎಷ್ಟರವರೆಗೆ ಏರುತ್ತದೆ ಎಂಬುದೂ ವೈದ್ಯರ ಕಣ್ಣೆದುರೇ ತಿಳಿಯುತ್ತದೆ. ನೀವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಎದೆಬಡಿತವನ್ನೇ ತಗ್ಗಿಸುತ್ತವೆ. ಅವನ್ನು ನುಂಗುವವರಿಗೆ ವಾಚ್‌ನ ಯಾವ ಲೆಕ್ಕವೂ ಹೊಂದುವುದಿಲ್ಲ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದ ಕೆಲವರಿಗೆ ಸ್ನಾಯು ನೋವು ಬರುತ್ತದೆ. ಹಾಗಂತ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಕೇಳಿ.

ಈಗ 165ರ ವಿಷಯ. ವಾಚ್ ಹೇಳಿದ್ದನ್ನೆಲ್ಲ ನಂಬಬೇಡಿ ಎನ್ನಲು ನನ್ನದೇ ಅನುಭವ ಸಾಕು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ವಿಶ್ವವಿದ್ಯಾಲಯದ ಕಡೆ ಓಡುತ್ತಿದ್ದೆ. ಬುದ್ಧ ವಿಹಾರದ ಗುಮ್ಮಟ ಇನ್ನೂ ಮಬ್ಬಿನಲ್ಲಿತ್ತು. ವಾಚ್ ನೋಡಿದರೆ 172. ಉಸಿರು ಮಾತ್ರ ಆರಾಮಾಗಿತ್ತು. ಅನುಮಾನ ಬಂದು ನಿಂತೆ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿದೆ. 33 ಬಂತು. ನಾಲ್ಕರಿಂದ ಗುಣಿಸಿದರೆ 132. ಹಾಗಾದರೆ ಆ 172 ಯಾರದು? ನನ್ನ ಕಾಲುಗಳದು! ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟು ಹೆಜ್ಜೆ ಹಾಕುತ್ತಿದ್ದೆ, ವಾಚ್ ಅದನ್ನೇ ನಾಡಿ ಎಂದು ಎಣಿಸಿತ್ತು.

ಹೀಗಾಗಲು ಕಾರಣ ಇದೆ. ವಾಚ್‌ನ ಬೆನ್ನಿನಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ. ರಕ್ತ ಆ ಹಸಿರನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿ ಇಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ, ವಾಚ್ ಎಣಿಸುವುದು ಅದನ್ನು. ಆದರೆ ಓಡುವಾಗ ಕೈ ಬೀಸುತ್ತದೆ, ಸಡಿಲ ವಾಚ್ ಕುಣಿಯುತ್ತದೆ, ಚಳಿಯಲ್ಲಿ ಚರ್ಮಕ್ಕೆ ರಕ್ತ ಬರುವುದೂ ಕಡಿಮೆ. ಆಗ ಬಡಿತದ ಬದಲು ಹೆಜ್ಜೆಯ ತಾಳ ಸಿಕ್ಕಿಬಿಡುತ್ತದೆ. ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ. ಸರಿಯಾದ ಲೆಕ್ಕ ಬೇಕೆಂದರೆ ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು. ಅದು ಬೆಳಕನ್ನಲ್ಲ, ಹೃದಯದ ವಿದ್ಯುತ್ ಮಿಡಿತವನ್ನೇ ಹಿಡಿಯುತ್ತದೆ. ಅದೂ ಬೇಡವೆಂದರೆ ಬೆರಳು ಇದ್ದೇ ಇದೆಯಲ್ವಾ? ನಿಂತ ತಕ್ಷಣ ಎಣಿಸಿ, ತಡ ಮಾಡಿದರೆ ಬಡಿತ ಬೇಗ ಇಳಿದುಬಿಡುತ್ತದೆ. ಕುತ್ತಿಗೆಯ ನಾಡಿ ಒತ್ತಬೇಡಿ, ವಯಸ್ಸಾದವರಿಗೆ ಅದರಿಂದ ತಲೆ ಸುತ್ತಬಹುದು.

ಇನ್ನು ಆ 158. ಎದೆಬಡಿತ ಹೆಚ್ಚೆಂದರೆ ಎಷ್ಟಕ್ಕೆ ಏರಬಹುದು ಎಂದು ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಸೂತ್ರ 1970ರ ಹೊತ್ತಿಗೆ ಅಮೆರಿಕದ ಹ್ಯಾಸ್ಕೆಲ್ ಮತ್ತು ಫಾಕ್ಸ್ ಎಂಬ ಸಂಶೋಧಕರಿಂದ ಬಂದದ್ದು. ಬೇರೆಬೇರೆ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗಿಟ್ಟು ಅಂದಾಜಿನಲ್ಲಿ ಎಳೆದ ಗೆರೆ ಅದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಹೆಚ್ಚು ಜನರ ಅಂಕಿಗಳನ್ನು ಕಲೆಹಾಕಿ ಬೇರೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ. ನಿಮಗೆ 165 ಬರುತ್ತದೆ. ನೋಡಿ, ಸೂತ್ರ ಬದಲಾದರೆ ನಿಮ್ಮ ಮಿತಿ ಏಳು ಬಡಿತ ಮೇಲೆ ಹೋಯಿತು. ಅದೂ ಸರಾಸರಿಯೇ. ಅದೇ ವಯಸ್ಸಿನ ಇಬ್ಬರ ನಡುವೆ ಹತ್ತು ಹದಿನೈದು ಬಡಿತದ ವ್ಯತ್ಯಾಸ ಇರುವುದು ಸಾಮಾನ್ಯ. ಹಾಗಾಗಿ 158 ಎಂಬುದು ದಾಟಿದರೆ ಅಪಾಯ ಎನ್ನುವ ಗೆರೆ ಅಲ್ಲ.

ಹಾಗಂತ 165 ಇದ್ದರೂ ಪರವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ನಿಜವಾದ ಬಡಿತವಾದರೆ, 16 ಕಿ.ಮೀ. ಉದ್ದಕ್ಕೂ ಅಷ್ಟು ಜೋರಾಗಿ ಓಡುವ ಅಗತ್ಯವೇ ಇಲ್ಲ. ನೀವು ಮಾಸ್ತರರು, ಮಗ್ಗಿ ಹೇಳಿಸಿ ಅಭ್ಯಾಸ ಇದೆ. ಮುಂದಿನ ಓಟದಲ್ಲಿ ನೀವೇ ಹದಿನೇಳರ ಮಗ್ಗಿ ಬಾಯಿಬಿಟ್ಟು ಹೇಳಿಕೊಳ್ಳಿ. ಎರಡು ಸಾಲು ಒಂದೇ ಉಸಿರಿನಲ್ಲಿ ಹೇಳಲು ಬಂದರೆ ವೇಗ ಸರಿ ಇದೆ. ಪ್ರತಿ ಸಾಲಿಗೂ ಏದುಸಿರು ಬಂದರೆ ಜಾಸ್ತಿ ಆಯಿತು. ಆಗ ನಡೆಯಿರಿ. ನಡೆಯುವುದು ಸೋಲಲ್ಲ. ವಾರದ ಓಟದಲ್ಲಿ ಮುಕ್ಕಾಲಿಗೂ ಜಾಸ್ತಿ ಪಾಲು ಈ ಮಾತಾಡುವ ವೇಗದಲ್ಲೇ ಇರಲಿ. ಒಂದು ಕಿ.ಮೀ.ಗೆ ಒಂದು ನಿಮಿಷ ಜಾಸ್ತಿ ಹಿಡಿದರೂ ಚಿಂತೆ ಬೇಡ.

ಇನ್ನೊಂದನ್ನು ನೀವೇ ಗಮನಿಸಿರಬಹುದು. ವೇಗ ಅಷ್ಟೇ ಇದ್ದರೂ ಕೊನೆಯ ನಾಲ್ಕೈದು ಕಿ.ಮೀ.ನಲ್ಲಿ ಬಡಿತ ಏರುತ್ತಾ ಹೋಗುತ್ತದೆ. ಬೆವರು ಹರಿದು ಮೈಯ ನೀರು ಕಡಿಮೆಯಾಗುತ್ತದೆ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯುತ್ತದೆ. ಒಂದು ಬಡಿತಕ್ಕೆ ಹೃದಯ ದೂಡುವ ರಕ್ತ ಕಡಿಮೆಯಾದಾಗ ಬಡಿತಗಳ ಸಂಖ್ಯೆ ಹೆಚ್ಚಲೇಬೇಕು. ನಮ್ಮೂರಿನ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರು ಇದು. ಈಗಲೂ ಏಳು ಗಂಟೆ ದಾಟಿದರೆ ಬಿಸಿಲು ಚುರುಕಾಗುತ್ತದೆ. ಐದಕ್ಕೇ ಹೊರಡಿ. ಮುಂಬೈಯಲ್ಲಿ ಜನವರಿಯಲ್ಲೂ ಗಾಳಿಯಲ್ಲಿ ತೇವ ಇರುತ್ತದೆ, ಬೆವರು ಆರುವುದಿಲ್ಲ. ಇಲ್ಲಿಯ ಒಣಹವೆಯಲ್ಲಿ ಕಂಡ ಬಡಿತ ಅಲ್ಲಿ ಸ್ವಲ್ಪ ಮೇಲೇ ಇರುತ್ತದೆ ಎಂದು ಈಗಲೇ ತಿಳಿದಿರಲಿ.

ಕಾಲಿನ ನೋವಿಗೆ ಬರೋಣ. ಲ್ಯಾಕ್ಟಿಕ್ ಆಸಿಡ್ ಕೂತಿದೆ ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಓಟ ನಿಂತ ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿಬಿಡುತ್ತದೆ, ಮಂಗಳವಾರದವರೆಗೆ ಉಳಿಯುವುದಿಲ್ಲ. ನಿಮಗಾಗುತ್ತಿರುವುದು ಬೇರೆ. ಅಭ್ಯಾಸಕ್ಕಿಂತ ಜಾಸ್ತಿ ದುಡಿದ ಸ್ನಾಯುವಿನ ಎಳೆಗಳಲ್ಲಿ ಬಹಳ ಸಣ್ಣ ಸಣ್ಣ ಬಿರುಕುಗಳಾಗುತ್ತವೆ. ಮೈ ಅದನ್ನು ರಿಪೇರಿ ಮಾಡುವಾಗ ಊತ, ನೋವು ಬರುತ್ತದೆ. ಒಂದು ದಿನದ ನಂತರ ಶುರುವಾಗಿ, ಎರಡು ಮೂರನೇ ದಿನ ಜೋರಾಗಿ, ವಾರದೊಳಗೆ ಹೋಗುತ್ತದೆ.

ಮೆಟ್ಟಿಲು ಹತ್ತುವಾಗ ಅಷ್ಟಿಲ್ಲ, ಇಳಿಯುವಾಗಲೇ ಏಕೆ? ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆದು ಹಿಡಿಯಬೇಕು. ಓಟದಲ್ಲಿ ಕಾಲು ನೆಲಕ್ಕೆ ಬೀಳುವ ಪ್ರತಿ ಸಲವೂ ಇದೇ ಕೆಲಸ. ಬಿರುಕು ಆಗುವುದು ಇಂಥ ಕೆಲಸದಲ್ಲೇ ಜಾಸ್ತಿ. ಅದಕ್ಕೇ ನೀವು ಗೋಡೆ ಹಿಡಿದು, ಅಡ್ಡಡ್ಡ ತಿರುಗಿ ಇಳಿಯುತ್ತಿರುವುದು.

ಇದಕ್ಕೆ ಮದ್ದೂ ಅದರಲ್ಲೇ ಇದೆ. ವರ್ಷಕ್ಕೊಮ್ಮೆ ತೊಗರಿ ಕೊಯ್ಯಲು ಬಾಗಿದವರನ್ನು ಕೇಳಿ. ಮೊದಲ ದಿನ ಕೊಯ್ದು ಬಂದರೆ ಮೂರು ದಿನ ಸೊಂಟ, ತೊಡೆ ಹಿಡಿದುಕೊಳ್ಳುತ್ತವೆ. ಒಂದು ವಾರ ಕಳೆದರೆ ಅದೇ ಕೆಲಸ, ಅದೇ ಮೈ, ನೋವು ಮಾತ್ರ ಇಲ್ಲ. ಸ್ನಾಯು ಒಮ್ಮೆ ಪೆಟ್ಟು ತಿಂದರೆ ಮುಂದಿನ ಸಲಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ವಾರಕ್ಕೆರಡು ದಿನ ಮನೆಯಲ್ಲೇ ಒಂದು ಮೆಟ್ಟಿಲ ಮೇಲೆ ನಿಂತು, ಒಂದು ಕಾಲನ್ನು ಮೂರೆಣಿಸುತ್ತಾ ಮೆಲ್ಲಗೆ ಕೆಳಗಿಳಿಸಿ. ಒಂದೊಂದು ಕಾಲಿಗೆ ಎಂಟು ಸಲದಿಂದ ಶುರು ಮಾಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದೂ ಒಳ್ಳೆಯದು.

62ರಲ್ಲಿ ರಿಪೇರಿಗೆ ಜಾಸ್ತಿ ದಿನ ಬೇಕು. ಇದನ್ನು ಒಪ್ಪಿಕೊಂಡೇ ಲೆಕ್ಕ ಹಾಕಬೇಕು. ವಾರಕ್ಕೆ ಮೂರು ಓಟ ಸಾಕು, ನಡುವೆ ಬಿಡುವು ಇರಲಿ. ಸೋಮವಾರ ಸುಮ್ನೆ ಅರ್ಧ ಗಂಟೆ ನಡೆಯಿರಿ, ಮಂಗಳವಾರ ಓಡಲೇಬೇಡಿ. ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆ ನಾಡಿ ಎಣಿಸಿ ಬರೆದಿಡಿ. ದಿನವೂ 60ರ ಹತ್ತಿರ ಇರುವುದು ಒಂದು ದಿನ 68, 70 ಆದರೆ ಮೈ ಇನ್ನೂ ಸುಧಾರಿಸಿಲ್ಲ ಅಥವಾ ಜ್ವರ ಬರುವಂತಿದೆ. ನನ್ನ ಮಟ್ಟಿಗೆ ಓಡುವಾಗಿನ ಅಂಕಿಗಿಂತ ಈ ಅಂಕಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಊಟದಲ್ಲೂ ಗಮನ ಬೇಕು. ವಯಸ್ಸಾದವರು ಓಡುವುದಾದರೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 1.2 ಗ್ರಾಂನಷ್ಟಾದರೂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 72 ಗ್ರಾಂ. ಎರಡು ಜೋಳದ ರೊಟ್ಟಿ, ತೆಳ್ಳನೆಯ ಬೇಳೆಯಿಂದ ಅಷ್ಟು ಬರುವುದಿಲ್ಲ. ತೊಗರಿ ನಮ್ಮೂರಿನದೇ, ಬೇಳೆ ಗಟ್ಟಿಯಾಗಿರಲಿ. ಶೇಂಗಾ ಹಿಂಡಿ, ಮೊಸರು, ಕಾಳುಪಲ್ಯ ಇರಲಿ, ತಿನ್ನುವವರಾದರೆ ಮೊಟ್ಟೆ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಉದ್ದದ ಓಟಕ್ಕೆ ಮುಂಚೆ ಐಬುಪ್ರೊಫೆನ್, ಡಿಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿ ಓಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಎಲ್ಲ ನೋವೂ ಒಂದೇ ಅಲ್ಲ. ಎರಡೂ ತೊಡೆ ಸಮನಾಗಿ ನೋಯುತ್ತಿದ್ದರೆ, ದಿನದಿನಕ್ಕೆ ಇಳಿಯುತ್ತಿದ್ದರೆ ಹೆದರಬೇಡಿ. ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದ ನೋವು, ಒಂದೇ ಮೀನಖಂಡ ಊದಿ ಬಿಸಿಯಾಗುವುದು, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುವುದು ಬೇರೆ. ಕೊನೆಯ ಎರಡು ಕಂಡರೆ ಅಂದೇ ವೈದ್ಯರ ಹತ್ತಿರ ಹೋಗಬೇಕು. ಓಡುವಾಗ ಎದೆ ಹಿಂಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ಕಣ್ಣು ಕತ್ತಲೆ ಬಂದರೆ, ಬಡಿತ ತಾಳ ತಪ್ಪಿದರೆ ಅಲ್ಲೇ ನಿಲ್ಲಿ, ಯಾರನ್ನಾದರೂ ಕರೆಯಿರಿ. ಮನೆ ಮುಟ್ಟಿದ ಮೇಲೆ ನೋಡೋಣ ಎನ್ನಬೇಡಿ. ಜೇಬಿನಲ್ಲಿ ಫೋನ್ ಇರಲಿ.

ಮುಂಬೈ ವಿಷಯದಲ್ಲಿ ನನ್ನ ಮಾತು ನಿಮಗೆ ಹಿಡಿಸದೆ ಹೋಗಬಹುದು. 16 ಕಿ.ಮೀ.ಗೆ ಎರಡು ದಿನ ಮೆಟ್ಟಿಲು ಇಳಿಯಲಾಗದ ಕಾಲಿಗೆ ಮೂರೇ ತಿಂಗಳಲ್ಲಿ 42.195 ಕಿ.ಮೀ. ಜಾಸ್ತಿ. ಈ ಜನವರಿಗೆ ಅರ್ಧ ಮ್ಯಾರಥಾನ್ ಸಾಕು, 21 ಕಿ.ಮೀ. ಪೂರ್ತಿಯದು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ತಡವಾಯಿತು ಅನ್ನಿಸಿದರೆ ಫೌಜಾ ಸಿಂಗ್ ಅವರನ್ನು ನೆನೆಯಿರಿ. 2000ದಲ್ಲಿ ಲಂಡನ್ನಿನಲ್ಲಿ ಅವರು ಮೊದಲ ಮ್ಯಾರಥಾನ್ ಓಡಿದಾಗ ಅವರಿಗೆ 89.

ಈ ಭಾನುವಾರ 16 ಬೇಡ, 12 ಓಡಿ. ಮಗ್ಗಿ ಹೇಳಿಕೊಳ್ಳುವ ವೇಗದಲ್ಲಿ. ಮಂಗಳವಾರ ಬೆಳಿಗ್ಗೆ ಮೆಟ್ಟಿಲ ಹತ್ತಿರ ಹೋಗಿ ಇಳಿದು ನೋಡಿ. ಗೋಡೆ ಹಿಡಿಯದೆ ನೇರ ಇಳಿದಿರಾದರೆ ಮುಂದಿನ ಭಾನುವಾರ 14. ಇಲ್ಲವಾದರೆ ಮತ್ತೊಂದು ವಾರ 12ರಲ್ಲೇ ಇರಿ.