ಕಂಠ ಕಡ ಸಿಗುತ್ತದೆ, ಮುಖ?

ಕಾಣೆಯಾದವರ ಪ್ರಕಟಣೆ ಓದಿದವರಿಗೆಲ್ಲ ಈ ಭಾಷೆ ಗೊತ್ತು: ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ನಟನೆಯ ಕನಸು ಹೊತ್ತು ಬೆಂಗಳೂರಿಗೆ ಬಂದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಆಡಿಷನ್ ಕರೆಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ನಾಯಕಿಯ ತಂಗಿಯ ಪಾತ್ರಕ್ಕೆ ಹದಿನೆಂಟರಿಂದ ಇಪ್ಪತ್ತೆರಡು, ಫೇರ್, ಗುಡ್ ಲುಕಿಂಗ್, ಕನ್ನಡ ಬಂದರೆ ಒಳ್ಳೆಯದು. ಮನೆಗೆಲಸದವಳ ಪಾತ್ರಕ್ಕಾದರೆ 'ಡಸ್ಕಿ ಆದರೂ ನಡೆಯುತ್ತೆ'. ನಟನೆ ಬರಬೇಕು ಎಂಬ ಷರತ್ತು ಕಟ್ಟಕಡೆಗೆ. ಕೆಲವು ಸಲ ಅದೂ ಇರುವುದಿಲ್ಲ.

ಚೆಂದ ಇದ್ದವರಿಗೆ ಬಣ್ಣದ ಲೋಕದ ಬಾಗಿಲು ಬೇಗ ತೆರೆಯುತ್ತದೆ, ಇದು ಅನ್ಯಾಯವಲ್ಲವೇ ಎಂಬ ಜಗಳ ಹೊಸದಲ್ಲ. ಆದರೆ ಈಚೆಗೆ ಅದು ಎಷ್ಟು ಸಿಕ್ಕುಗಟ್ಟಿದೆ ಎಂದರೆ, ಮೈಬಣ್ಣದಿಂದ ಶುರುವಾದ ಮಾತು ಪರಭಾಷೆಯ ನಾಯಕಿಯರ ಕಡೆ ಹೊರಳಿ, ಅಲ್ಲಿಂದ ಸ್ಟಾರ್‌ಗಳ ಮಕ್ಕಳ ಮೇಲೆ ಹೋಗಿ, ಕೊನೆಗೆ ನೀನು ಯಾರ ಅಭಿಮಾನಿ ಎಂಬಲ್ಲಿ ನಿಲ್ಲುತ್ತದೆ. ಸಿಕ್ಕು ಬಿಡಿಸಲು ಸ್ವಲ್ಪ ಹಿಂದಿನಿಂದಲೇ ಬರಬೇಕು.

ಮೈಕಿಲ್ಲದ ಕಾಲದಲ್ಲಿ ಕಂಪನಿ ನಾಟಕದ ನಟನಿಗೆ ಮೊದಲು ಬೇಕಿದ್ದದ್ದು ಕಂಠ. ಮುಂದೆ ಚಾಪೆಯ ಮೇಲೆ ಕುಳಿತವನಿಗೂ ಹಿಂದಿನ ಗ್ಯಾಲರಿಯವನಿಗೂ ಮುಟ್ಟುವ ಹಾಗೆ ಹಾಡಬೇಕು; 'ಒನ್ಸ್ ಮೋರ್' ಬಂದರೆ ಸತ್ತ ಪಾತ್ರವೂ ಎದ್ದು ಕುಳಿತು ಮತ್ತೆ ಹಾಡಬೇಕು. ಮುಖದ ಚಿಂತೆಯನ್ನು ಅರದಾಳ, ಕಾಡಿಗೆ, ಕಿರೀಟಗಳು ನೋಡಿಕೊಳ್ಳುತ್ತಿದ್ದವು. ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ದಿನಗಳಲ್ಲಂತೂ ರಂಗದ ಮೇಲಿನ ಚೆಲುವೆ ಎಂದರೆ ನಟನಿಗೂ ಪ್ರೇಕ್ಷಕನಿಗೂ ನಡುವೆ ಇದ್ದ ಒಂದು ಒಪ್ಪಂದ, ಅಷ್ಟೆ.

1934ರಲ್ಲಿ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಾಗಲೂ ತೆರೆ ಮೇಲಿದ್ದವರು ಈ ಹಾಡುವ ನಟರೇ. ಇಪ್ಪತ್ತು ವರ್ಷ ಕಳೆದು 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಗುಬ್ಬಿ ಕಂಪನಿಯ ಮುತ್ತುರಾಜ್ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ಅದೇ ಕಂಪನಿಯಲ್ಲಿ ಪಳಗಿದ ನರಸಿಂಹರಾಜು ಅವರೂ ಅದೇ ಚಿತ್ರದಲ್ಲಿ ತೆರೆಗೆ ಬಂದರು. ಒಂದೇ ಗರಡಿ, ಒಂದೇ ಚಿತ್ರ. ಒಬ್ಬರ ನೀಳ ಮೂಗು ನಾಯಕನದಾಯಿತು, ಇನ್ನೊಬ್ಬರ ಉಬ್ಬುಹಲ್ಲು ನಗೆಯದಾಯಿತು. ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ಅರಸರೇ ಆದರು ಎನ್ನಿ. ಆದರೆ ಯಾರ ಸ್ಥಾನ ಯಾವುದು ಎಂದು ಗೊತ್ತುಮಾಡುವಾಗ ಕ್ಯಾಮೆರಾ ಮೊದಲು ನೋಡಿದ್ದು ಮುಖವನ್ನು.

ಅಷ್ಟರಲ್ಲಿ ಹಿನ್ನೆಲೆ ಗಾಯನ ಊರಿತ್ತು. ಈ ಕಥೆಯ ನಿಜವಾದ ತಿರುವು ಇದೇ ಎಂದು ನನಗೆ ಅನಿಸುತ್ತದೆ. ಕಂಪನಿಯಲ್ಲಿ ಹಾಡಿ ಬೆಳೆದ ರಾಜ್‌ಕುಮಾರ್ ಅವರಿಗೇ ಬಹುಕಾಲ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಅಣ್ಣಾವ್ರು ತಾವೇ ಎಮ್ಮೆಯ ಮೇಲೆ ಕುಳಿತು ಹಾಡಿದಾಗ ಜನ ಹೊಸದೇನೋ ಕಂಡವರಂತೆ ಹಿಗ್ಗಿದರು. ಹಾಡಿನ ಹಿಂದೆಯೇ ಮಾತೂ ಕಡಕ್ಕೆ ಸಿಗತೊಡಗಿತು. ಡಬ್ಬಿಂಗ್ ಕೊಠಡಿಯಲ್ಲಿ ಬೇರೊಬ್ಬರು ನಿಂತು ಕನ್ನಡ ಮಾತಾಡಿದರೆ ಸಾಕು, ತೆರೆಯ ಮೇಲಿನ ತುಟಿ ಯಾವ ಭಾಷೆಯಲ್ಲಿ ಅಲ್ಲಾಡಿದರೂ ನಡೆಯುತ್ತದೆ. ಸಂಭಾಷಣೆಯ ಬದಲು ಒಂದು, ಎರಡು, ಮೂರು ಎಂದು ಎಣಿಸಿ ಟೇಕ್ ಮುಗಿಸಿದ ನಾಯಕಿಯರ ಕಥೆಗಳು ಗಾಂಧಿನಗರದಲ್ಲಿ ಬೇಕಾದಷ್ಟಿವೆ. ಎಷ್ಟು ನಿಜವೋ, ಕೇಳಲು ಮಜವಾಗಿವೆ. ಕಂಠ ಬಾಡಿಗೆಗೆ ಸಿಗುವಂತಾದ ಮೇಲೆ ನಟಿಯಿಂದ ಕೇಳುವುದಕ್ಕೆ ಉಳಿದದ್ದು ಮುಖ ಮತ್ತು ಕಾಲ್‌ಶೀಟ್. 1984ರ ಮಿಸ್ ಇಂಡಿಯಾ ಜೂಹಿ ಚಾವ್ಲಾ 1987ರಲ್ಲಿ 'ಪ್ರೇಮಲೋಕ'ಕ್ಕೆ ಬಂದರು, ಚಿತ್ರ ಗೆದ್ದಿತು, ಮುಂಬೈ ದಾರಿ ಸಲೀಸಾಯಿತು.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. ನಾನು ಹತ್ತಿರದಿಂದ ನೋಡಿದ್ದು ಇದನ್ನೇ, ಹಾಗಾಗಿ ಇಲ್ಲಿ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತೇನೆ. 'ಚೋಮನ ದುಡಿ'ಯ ಎಂ.ವಿ. ವಾಸುದೇವರಾವ್ 1975ನೇ ಸಾಲಿನ, 'ತಬರನ ಕಥೆ'ಯ ಚಾರುಹಾಸನ್ 1986ನೇ ಸಾಲಿನ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿ ಪಡೆದರು. ಅವು ಕಲಾತ್ಮಕ ಚಿತ್ರಗಳು, ಅಲ್ಲಿ ಲೆಕ್ಕವೇ ಬೇರೆ ಎಂದರು ಪೇಟೆಯವರು. ಆ ಮಾತಿಗೆ ಪೇಟೆಯೊಳಗಿನಿಂದಲೇ ಉತ್ತರ ಕೊಟ್ಟವರು ಕಾಶಿನಾಥ್. ಪೀಚಲು ಮೈ, ಪಕ್ಕದ ಮನೆಯ ಗುಮಾಸ್ತನ ಚಹರೆ. ಯಾವ ನಿರ್ಮಾಪಕ ಕರೆದು ಹೀರೋ ಮಾಡುತ್ತಿದ್ದ? ತಾವೇ ಕಥೆ ಬರೆದು, ತಾವೇ ನಿರ್ದೇಶಿಸಿ, 1984ರ 'ಅನುಭವ'ದಲ್ಲಿ ತಾವೇ ನಾಯಕರಾದರು. ಪೆದ್ದುತನವನ್ನೇ ಬಂಡವಾಳ ಮಾಡಿಕೊಂಡರು. ಅವರ ಗರಡಿಯ ಉಪೇಂದ್ರ 1998ರಲ್ಲಿ 'ಎ' ಚಿತ್ರಕ್ಕೆ ಕೆದರಿದ ಕೂದಲಲ್ಲಿ ನಾಯಕರಾಗಿ ಬಂದರು. 2007ರಲ್ಲಿ ಸೂರಿ ನಿರ್ದೇಶನದ 'ದುನಿಯಾ', ಅದುವರೆಗೆ ಗುಂಪಿನಲ್ಲಿ ನಿಂತು ಏಟು ತಿನ್ನುತ್ತಿದ್ದ ವಿಜಯ್ ಅವರನ್ನು ಮುಂದಕ್ಕೆ ತಂದು ನಿಲ್ಲಿಸಿತು. 2017ರ 'ಒಂದು ಮೊಟ್ಟೆಯ ಕಥೆ'ಯಲ್ಲಿ ರಾಜ್ ಬಿ. ಶೆಟ್ಟಿ ಬೋಳುತಲೆಯನ್ನೇ ಕಥೆ ಮಾಡಿದರು. ಪ್ರತಿಭೆ ಇದ್ದರೆ ರೂಪ ಲೆಕ್ಕಕ್ಕಿಲ್ಲ ಎನ್ನುವವರು ಈ ಹೆಸರುಗಳನ್ನೇ ಬೆರಳು ಮಡಚಿ ಎಣಿಸುತ್ತಾರೆ. ತಪ್ಪೇನಿಲ್ಲ. ಆದರೆ ಈ ಪಟ್ಟಿಯಲ್ಲಿ ಇರುವವರೆಲ್ಲ ಗಂಡಸರು, ಅವರಲ್ಲಿ ಹೆಚ್ಚಿನವರು ತಮ್ಮ ಪಾತ್ರವನ್ನು ತಾವೇ ಬರೆದುಕೊಂಡವರು.

ಹಾಗಾದರೆ ಅದೇ 'ಅನುಭವ'ದಲ್ಲಿದ್ದ ಉಮಾಶ್ರೀ? ರಂಗಭೂಮಿಯಲ್ಲಿ ಆಗಲೇ ಹೆಸರು ಮಾಡಿದ್ದವರು. 'ಒಡಲಾಳ'ದ ಸಾಕವ್ವನಾಗಿ ಅವರು ಕಳೆದುಹೋದ ಹುಂಜವನ್ನು ಹುಡುಕುತ್ತಾ ಬೈಯುತ್ತಿದ್ದರೆ ಕುಳಿತವರು ನಗುವುದೋ ಅಳುವುದೋ ತಿಳಿಯದೆ ಒದ್ದಾಡುತ್ತಿದ್ದರು. ಆ ನಟಿಗೆ ಸಿನಿಮಾ ಕೊಟ್ಟದ್ದು ಬಹುಪಾಲು ದ್ವಂದ್ವಾರ್ಥದ ಹಾಸ್ಯ, ಬಜಾರಿ, ಗಯ್ಯಾಳಿ ಅತ್ತೆ. ಕಾಶಿನಾಥ್ ಅವರ ಸಾಧಾರಣ ಮುಖ 'ನಮ್ಮಂಥವನೇ' ಎನಿಸಿಕೊಂಡರೆ, ಹೆಣ್ಣಿನ ಸಾಧಾರಣ ಮುಖ 'ಕಾಮಿಡಿಗೆ ಆಗುತ್ತೆ' ಎನಿಸಿಕೊಂಡಿತು. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ಗೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ಬರುವ ಹೊತ್ತಿಗೆ 'ಅನುಭವ' ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಆ ಚಿತ್ರದ ಗುಲಾಬಿಯೋ, ಸಿನಿಮಾ ಹುಚ್ಚಿನ ಸೂಲಗಿತ್ತಿ.

ಚೆಲುವೆಯರಿಗಾದರೂ ಸುಖವಿತ್ತೇ ಎಂದರೆ ಅದೂ ಅಷ್ಟಕ್ಕಷ್ಟೆ. 'ಬೇಡರ ಕಣ್ಣಪ್ಪ'ದ ನಾಯಕಿ ಪಂಡರಿಬಾಯಿ ಮುಂದೆ ತೆರೆಯ ಮೇಲೆ ಅದೇ ನಾಯಕನಿಗೆ ತಾಯಿಯೂ ಆದರು. ನಾಯಕ ನಾಯಕನಾಗಿಯೇ ಇದ್ದರು. ಹೆಣ್ಣಿಗೆ ರೂಪ ಎಂದರೆ ಅವಧಿ ಬರೆದ ಪಾಸು. 1983ರಲ್ಲಿ ಪ್ರೇಮಾ ಕಾರಂತರು 'ಫಣಿಯಮ್ಮ' ಮಾಡಿ ತಲೆ ಬೋಳಿಸಿದ ವಿಧವೆಯನ್ನು ಚಿತ್ರದ ನಡುಮಧ್ಯೆ ಕೂರಿಸಿದರು, ನಿಜ. ಆದರೆ ಕಾಶಿನಾಥ್ ಅವರ ಹಾಗೆ ತಾವೇ ಬರೆದು, ನಿರ್ದೇಶಿಸಿ, ನಾಯಕಿಯಾಗಿಯೂ ನಿಂತ ಹೆಂಗಸರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಇಷ್ಟಕ್ಕೂ ಇದನ್ನು ಅನ್ಯಾಯ ಎನ್ನಬಹುದೇ? ಒಂದು ಒಳ್ಳೆಯ ಗುಣ ಕಂಡರೆ ಉಳಿದ ಗುಣಗಳೂ ಇವೆ ಎಂದು ನಂಬಿಬಿಡುವ ಮನುಷ್ಯನ ಅಭ್ಯಾಸವನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿದ್ದರು. ಹ್ಯಾಮರ್ಮೆಶ್ ಮತ್ತು ಬಿಡ್ಲ್ ಎಂಬ ಅರ್ಥಶಾಸ್ತ್ರಜ್ಞರು 1994ರಲ್ಲಿ, ನೋಡಲು ಸಾಧಾರಣಕ್ಕಿಂತ ಕಡಿಮೆ ಎನಿಸಿಕೊಂಡವರ ಸಂಬಳ ಸಾಧಾರಣ ರೂಪದವರಿಗಿಂತ ಶೇ 5ರಿಂದ 10ರಷ್ಟು ಕಡಿಮೆ ಎಂದು ಲೆಕ್ಕ ತೋರಿಸಿದರು. ಅದು ಎಲ್ಲ ಬಗೆಯ ನೌಕರಿಗಳ ಮಾತು. ಬ್ಯಾಂಕಿನ ಕೌಂಟರಿನಲ್ಲಿ ಮುಖ ನೋಡಿ ಸಂಬಳ ಕೊಟ್ಟರೆ ತಪ್ಪು ಎಂದು ಯಾರಾದರೂ ಒಪ್ಪುತ್ತಾರೆ. ನಟನೆಯಲ್ಲಿ ಮುಖವೇ ಸಲಕರಣೆಯಲ್ಲವೇ, ಕುಸ್ತಿಯವನಿಗೆ ಮೈ ಇದ್ದ ಹಾಗೆ? ಈ ವಾದದಲ್ಲಿ ತೂಕವಿದೆ. ಆದರೆ ಕುಸ್ತಿಯವನ ಮೈ ಕುಸ್ತಿಗೆ ಬೇಕು. ಆಸ್ಪತ್ರೆಯ ನರ್ಸ್, ಕಾಲೇಜಿನ ಮೇಷ್ಟರು, ಹಳ್ಳಿಯ ಶಾನುಭೋಗರ ಮಗಳು, ಎಲ್ಲರೂ ಒಂದೇ ಬಣ್ಣ, ಒಂದೇ ಗಲ್ಲ ಹೊತ್ತಿರಬೇಕು ಎಂದು ಕಥೆಯೇನೂ ಕೇಳುವುದಿಲ್ಲ.

ಕಿರುತೆರೆ ಈ ಗಂಟನ್ನು ಇನ್ನಷ್ಟು ಬಿಗಿದಿದೆ. ದಿನಕ್ಕೊಂದು ಕಂತು, ವಾರವಾರ ಟಿಆರ್‌ಪಿ, ಮುಖದ ರಂಧ್ರವನ್ನೂ ಬಿಡದ ಎಚ್‌ಡಿ ಕ್ಲೋಸಪ್. ನಟನೆ ಕಲಿಸಲು ಸಮಯವಿಲ್ಲ, ಪ್ರೋಮೊ ಮಾತ್ರ ಥಳಥಳಿಸಬೇಕು. ಕಪ್ಪು ಹುಡುಗಿಯ ಸಂಕಟದ ಕಥೆಗೂ ಬೆಳ್ಳಗಿನ ನಟಿಯನ್ನೇ ತಂದು ಕಪ್ಪು ಬಳಿಯುವುದು ಹೀಗೆ. ಧಾರಾವಾಹಿಯ ನಡುವಿನ ಜಾಹೀರಾತುಗಳದೂ ಅದೇ ಪಾಠವಾಗಿತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಆ್ಯಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ಕಿತ್ತು ಗ್ಲೋ ಆ್ಯಂಡ್ ಲವ್ಲಿ ಆಗಲು 2020 ಬರಬೇಕಾಯಿತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡಳು. ಒಂದು ವಾರ ಎಲ್ಲ ಚಾನೆಲ್‌ಗಳಲ್ಲೂ ಚರ್ಚೆ ನಡೆಯಿತು, ಆಮೇಲೆ ಆಡಿಷನ್ ಕರೆಗಳು ಮೊದಲಿನಂತೆಯೇ ಬಂದವು.

ಯಾರನ್ನು ಕೇಳಿದರೂ ಬೆರಳು ಮುಂದಿನವರ ಕಡೆ ಹೋಗುತ್ತದೆ. ನಿರ್ದೇಶಕರು ಚಾನೆಲ್ ಒಪ್ಪಲ್ಲ ಎನ್ನುತ್ತಾರೆ, ಚಾನೆಲ್‌ನವರು ಜನ ನೋಡಲ್ಲ ಸಾರ್ ಎನ್ನುತ್ತಾರೆ, ಜನ ಅವರು ತೋರಿಸಿದ್ದನ್ನು ನೋಡ್ತೀವಪ್ಪ ಎನ್ನುತ್ತಾರೆ. ಜನ ನೋಡಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 2021ರಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸುವ ಪುಟ್ಟಕ್ಕನಾಗಿ ಕಥೆಯ ನಡುವೆ ನಿಂತದ್ದು ಅದೇ ಉಮಾಶ್ರೀ. ಅದು ಟಿಆರ್‌ಪಿಯಲ್ಲಿ ಎಲ್ಲರಿಗಿಂತ ಮುಂದೆ ಓಡಿತು.

ಕೆಲವು ವರ್ಷಗಳ ಹಿಂದೆ ರಾಜರಾಜೇಶ್ವರಿ ನಗರದ ಮನೆಯೊಂದರ ಮಹಡಿಯಲ್ಲಿ ನಡೆದ ಆಡಿಷನ್ ನೋಡಲು ಪರಿಚಯದವರ ಜೊತೆ ಹೋಗಿದ್ದೆ. ತಿಪಟೂರು ಕಡೆಯ ಹುಡುಗಿ, ನಾಟಕದಲ್ಲಿ ಪಳಗಿದವಳು, ಕಪ್ಪಗೆ ಲಕ್ಷಣವಾಗಿದ್ದಳು. ಬಾಯಿ ತೆರೆಯುವ ಮೊದಲೇ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನಕ್ಕು ತೋರಿಸಿ ಆಯಿತು. ಆಮೇಲೆ ಕೊಟ್ಟ ಎರಡು ಪುಟದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಲೈಟ್ ಹಿಡಿದಿದ್ದ ಹುಡುಗ ಕೂಡ ಕೈ ಇಳಿಸಿ ನಿಂತುಬಿಟ್ಟಿದ್ದ. ಕೋಆರ್ಡಿನೇಟರ್ ಮೊಬೈಲಿನಿಂದ ತಲೆ ಎತ್ತಿ, 'ವಾಯ್ಸ್ ತುಂಬಾ ಚೆನ್ನಾಗಿದೆ ಕಣಮ್ಮಾ, ಡಬ್ಬಿಂಗ್ ಮಾಡ್ತೀಯಾ?' ಎಂದರು. ಅವಳು ಒಪ್ಪಿಕೊಂಡಳು. ಆ ಧಾರಾವಾಹಿಯ ನಾಯಕಿ ಎರಡು ವರ್ಷ ಮಾತಾಡಿದ್ದು ಅವಳ ದನಿಯಲ್ಲೇ.