ಗುಣವಾಚಕದ ಬಾಲ ಯಾರ ಮಾತು ಕೇಳುತ್ತದೆ?

ಕನ್ನಡದಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ ಅನ್ನುತ್ತೇವೆ. ‘ದೊಡ್ಡ’ ಬದಲಾಗುವುದೇ ಇಲ್ಲ. ಅದೇ ವಾಕ್ಯದ ಕೊನೆಗೆ ಹೋದರೆ ಬಾಲ ಬರುತ್ತದೆ: ಹುಡುಗ ದೊಡ್ಡವನು, ಮನೆ ದೊಡ್ಡದು. ಜರ್ಮನ್‌ನಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಕೊನೆಯಲ್ಲಿ ಬರುವ ಗುಣವಾಚಕ ಬೋಳು, ನಾಮಪದಕ್ಕೆ ಮೊದಲು ಬಂದರೆ ಮಾತ್ರ ಬಾಲ. ಆ ಬಾಲಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿದರೆ ತಲೆ ಕೆಡುತ್ತದೆ, ಆದರೆ ಅದರ ಹಿಂದೆ ತುಂಬಾ ಚೆಂದದ ಒಂದು ಲೆಕ್ಕ ಇದೆ.

‘ತಣ್ಣೀರಿನಿಂದ’ ಅನ್ನಲು ಜರ್ಮನ್‌ನಲ್ಲಿ ‘ಮಿಟ್ ಕಲ್ಟೆಮ್ ವಸ್ಸರ್’. ‘ಕಲ್ಟ್’ ಅಂದರೆ ತಣ್ಣಗಿನ, ಅದಕ್ಕೆ ಅಂಟಿದ ‘ಎಮ್’ ವಿಭಕ್ತಿಯ ಗುರುತು. ‘ಆ ತಣ್ಣೀರಿನಿಂದ’ ಅನ್ನಬೇಕಾದರೆ ‘ಮಿಟ್ ಡೇಮ್ ಕಲ್ಟೆನ್ ವಸ್ಸರ್’. ‘ಮ್’ ಈಗ ‘ಡೇಮ್’ ಮೇಲಿದೆ, ಅಲ್ವಾ? ವಿಭಕ್ತಿಯನ್ನು ಯಾರಾದರೂ ಒಬ್ಬರು ತೋರಿಸಿದರೆ ಸಾಕು. ‘ಡೇಮ್’ ತೋರಿಸಿದ ಮೇಲೆ ಗುಣವಾಚಕಕ್ಕೆ ಬರೀ ಒಂದು ‘ಎನ್’.

ಈ ‘ನ್’ ತುಂಬಾ ಹಳೆಯದು. ಲ್ಯಾಟಿನ್‌ನಲ್ಲಿ ‘ಕಾಟುಸ್’ ಅಂದರೆ ಚುರುಕಾದ, ಅದರಿಂದ ಬಂದ ‘ಕಾಟೊ’ ಅನ್ನುವ ಹೆಸರಿಗೆ ‘ಚುರುಕಿನವನು’ ಅನ್ನುವ ಅರ್ಥ, ವಿಭಕ್ತಿ ಸೇರಿದಾಗ ಅದು ‘ಕಾಟೋನಿಸ್’ ಆಗಿ ಒಳಗಿನ ‘ನ್’ ಹೊರಗೆ ಬರುತ್ತದೆ. ಇಂಥ ‘ನ್’ ಅನ್ನೇ ಜರ್ಮನ್, ಇಂಗ್ಲಿಷ್ ಸೇರಿದ ಜರ್ಮಾನಿಕ್ ಭಾಷೆಗಳು ‘ಇಂಥದ್ದೇ’ ಎಂದು ಗುರುತಿಸಲು ಗುಣವಾಚಕಗಳಿಗೆ ಹಚ್ಚಿಕೊಂಡವು. ಹಳೆಯ ಇಂಗ್ಲಿಷಿನಲ್ಲೂ ಇದಿತ್ತು. 14ನೇ ಶತಮಾನದ ಚಾಸರ್‌ನ ಪದ್ಯಗಳ ಹೊತ್ತಿಗೆ ಕೊನೆಯಲ್ಲೊಂದು ಸಣ್ಣ ‘ಅ’ಕಾರದಂಥ ಸದ್ದು ಮಾತ್ರ ಉಳಿದಿತ್ತು, ಆಮೇಲೆ ಅದೂ ಹೋಯಿತು.

ಲ್ಯಾಟಿನ್ ಮಕ್ಕಳಾದ ರೋಮಾನ್ಸ್ ಭಾಷೆಗಳಲ್ಲಿ ಗುಣವಾಚಕ ನಾಮಪದದ ಮಾತು ಮಾತ್ರ ಕೇಳುತ್ತದೆ. ಇಟಾಲಿಯನ್‌ನಲ್ಲಿ ಪುಸ್ತಕ ಪುಲ್ಲಿಂಗ, ಹಾಗಾಗಿ ‘ಪಿಕ್ಕೊಲೊ’, ಮನೆ ಸ್ತ್ರೀಲಿಂಗ, ಹಾಗಾಗಿ ‘ಪಿಕ್ಕೊಲಾ’, ಎರಡೂ ಅಂದರೆ ಚಿಕ್ಕದು. ವಾಕ್ಯದ ಕೊನೆಗೆ ಹೋದರೂ ಲಿಂಗ ಬಿಡುವುದಿಲ್ಲ.

ಹಾಗಾದರೆ ಫ್ರೆಂಚ್ ಅಜ್ಜಿ ಯಾಕೆ ‘ಗ್ರಾಂ-ಮೇರ್’? ‘ಗ್ರಾಂ’ ಅಂದರೆ ದೊಡ್ಡ, ‘ಮೇರ್’ ಅಂದರೆ ತಾಯಿ, ಸ್ತ್ರೀಲಿಂಗಕ್ಕೆ ‘ಗ್ರಾಂದ್’ ಬರಬೇಕಿತ್ತು. ಲ್ಯಾಟಿನ್‌ನ ‘ಗ್ರಾಂದಿಸ್’ ಗಂಡಿಗೂ ಹೆಣ್ಣಿಗೂ ಒಂದೇ ರೂಪ, ಹಳೆಯ ಫ್ರೆಂಚಿನಲ್ಲೂ ಹಾಗೇ ಇತ್ತು. ಉಳಿದ ಗುಣವಾಚಕಗಳನ್ನು ನೋಡಿ ಜನ ಇದಕ್ಕೂ ಸ್ತ್ರೀಲಿಂಗದ ‘e’ ಅಕ್ಷರ ಸೇರಿಸಿದರು, ಆದರೆ ಮನೆಮನೆಯಲ್ಲಿ ಬಾಯಿಗೆ ಕೂತಿದ್ದ ಅಜ್ಜಿಯ ಹೆಸರನ್ನು ಮುಟ್ಟಲಿಲ್ಲ. ಆಮೇಲೆ ಬಂದವರು ಇಲ್ಲಿ ‘e’ ಬಿದ್ದುಹೋಗಿದೆ ಎಂದುಕೊಂಡು ಆ ಜಾಗದಲ್ಲಿ ಲೋಪಚಿಹ್ನೆ (ಅಪಾಸ್ಟ್ರಫಿ) ಹಾಕಿದರು. ಅಲ್ಲಿ ಬೀಳಲು ಏನೂ ಇರಲೇ ಇಲ್ಲ. ಆ ಚಿಹ್ನೆ ತೆಗೆದು ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನಲ್ಲಿ ಅಡ್ಡಗೆರೆ ಹಾಕಿದ್ದು 1932ರಲ್ಲಿ.